ಗುಬ್ಬಿಯ ಪಾದದಲ್ಲೊಂದು ತೂತು

ಜೂನ್ ೩

ಅಪ್ಪಾ,

ನಿನ್ನೆ ಫೋನು ತಾನಾಗಿ ಕಟ್ಟಾಗಲಿಲ್ಲ, ನೀವೇ ಇಟ್ಟದ್ದು. ಕಿವಿ ಕೇಳುವುದಿಲ್ಲ ಎಂಬ ಸಬೂಬು ನನ್ನ ಹತ್ತಿರ ನಡೆಯುವುದಿಲ್ಲ. ನಿಮಗೆ ಬೇಡದ್ದು ಮಾತ್ರ ಕೇಳುವುದಿಲ್ಲ, ಅಷ್ಟೇ. ಕಾಗದವನ್ನಾದರೆ ನಡುವೆ ಇಟ್ಟುಬಿಡಲು ಆಗುವುದಿಲ್ಲವೆಂದು ಬರೆಯುತ್ತಿದ್ದೇನೆ. ಹರಿದು ಹಾಕಬಹುದು. ಹಾಕಿದರೆ ಅತ್ತೆ ಚೂರುಗಳನ್ನು ಅಂಟಿಸಿ ಓದಿ ಹೇಳುತ್ತಾರೆ.

ಹೇಳಬೇಕೆಂದಿದ್ದದ್ದು ಇದು. ಮ್ಯೂಸಿಯಂನ ಹೊಸ ಕ್ಯಾಟಲಾಗಿಗಾಗಿ ಪೆಂಗ್ವಿನ್ ಮೂಳೆಗಳನ್ನೆಲ್ಲ ಮತ್ತೊಮ್ಮೆ ಶುಚಿ ಮಾಡಿ, ಫೋಟೋ ತೆಗೆಸಿ, ವಿವರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂಲೆಯ ಕಪಾಟಿನ ಮೇಲಿನ ಅರೆಯಲ್ಲಿ ನಿಮ್ಮ ಹಕ್ಕಿ ಕೂತಿತ್ತು. ಹಕ್ಕಿ ಅಂದರೆ ಪೂರ್ತಿ ಹಕ್ಕಿಯಲ್ಲ, ಅದರ ಎಡಪಾದದ ಒಂದೇ ಒಂದು ಮೂಳೆ. ಮೂರೂವರೆ ಕೋಟಿ ವರ್ಷದ ಮೇಲೆ ಉಳಿದದ್ದು ಅಷ್ಟೇ. ಕೈಗೆತ್ತಿಕೊಂಡಾಗ ಚಿಕ್ಕಂದಿನಲ್ಲಿ ನೀವು ತೋರಿಸಿದ ಹಾಗೇ ಇತ್ತು: ಅಂಗೈ ತುಂಬುವಷ್ಟು, ಸುಟ್ಟ ಇಟ್ಟಿಗೆಯ ಬಣ್ಣ. ಬೇರೆ ಹಕ್ಕಿಗಳಿಗೆ ಕಡ್ಡಿಯ ಹಾಗೆ ಉದ್ದವಾಗಿರುವ ಈ ಮೂಳೆ, ಪೆಂಗ್ವಿನ್ನಿಗೆ ಮಾತ್ರ ಯಾರೋ ತಲೆಯ ಮೇಲೆ ಕೂತು ಅಮುಕಿದ ಹಾಗೆ ಗಿಡ್ಡ, ಅಗಲ. ಮೂರು ಮೂಳೆ ಕೂಡಿ ಒಂದಾದದ್ದು, ಕೂಡಿದ ಗುರುತಿಗೆ ನಡುವೆ ಎರಡು ಗೀರು. ಗೀರಿನ ತಲೆಯಲ್ಲಿ ರಕ್ತನಾಳ ಹಾಯುವ ತೂತು.

ದಕ್ಷಿಣ ಧ್ರುವದ ಕಡೆಯ ಅದೇ ಕಲ್ಲುಪದರದಲ್ಲಿ ನಿಮ್ಮ ಹಳೆಯ ಎದುರಾಳಿ ಗಡ್ಡದ ಮೇಷ್ಟ್ರಿಗೆ ಮೊದಲೇ ಸಿಕ್ಕಿದ್ದ ದೊಡ್ಡ ಪೆಂಗ್ವಿನ್ನಿಗೆ ಎರಡು ಗೀರಿಗೆ ಎರಡು ತೂತು. ನಿಮ್ಮ ಮೂಳೆಗೆ ಒಳಗಡೆಯ ಗೀರಿನಲ್ಲಿ ಒಂದೇ ತೂತು, ಹೊರಗಡೆಯ ಗೀರಿನಲ್ಲಿ ಇಲ್ಲ. ಆ ಒಂದು ತೂತು ಇಲ್ಲದ್ದಕ್ಕೇ ಅದು ಬೇರೆ ಜಾತಿ ಎಂದಿರಿ, ಆಗ ಆರು ವರ್ಷದವಳಾಗಿದ್ದ ನನ್ನ ಅಡ್ಡಹೆಸರನ್ನೇ ಅದಕ್ಕೆ ಇಟ್ಟಿರಿ. ಆಳೆತ್ತರದ ಹಕ್ಕಿಗೆ ಗುಬ್ಬಿ ಎಂದು ಹೆಸರು! ಪದ್ಯ ಬೇರೆ ಕಟ್ಟಿ ಬಾಯಿಪಾಠ ಮಾಡಿಸಿದಿರಿ:

ಮೂಳೆ ಮೂರು, ಗೀರು ಎರಡು, ತೂತು ಒಂದೇ ಒಂದು,
ಹೇಳು ಗುಬ್ಬಿ ಎಲ್ಲರಿಗೂ, ನನ್ನ ಹಕ್ಕಿ ಎಂದು.

ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ, ಅದು ಬೇರೆ ವಿಷಯ.

ಮೊನ್ನೆ ಹೊರಗಡೆಯ ಗೀರಿನ ತಲೆಯಲ್ಲಿ ಹಳೆಯ ಅಂಟು ಮಿನುಗುತ್ತಿತ್ತು. ಹತ್ತಿಯಲ್ಲಿ ಒರೆಸಿದೆ. ಅಂಟಿನಡಿಯಲ್ಲಿ ಮಣ್ಣು, ಮೂಳೆಯದೇ ಬಣ್ಣದ್ದು. ಸೂಜಿ ಇಟ್ಟೆ. ಹೋಯಿತು. ಇನ್ನಷ್ಟು ಹೋಯಿತು. ಅರ್ಧ ದಾರಿಗೆ ನಿಲ್ಲಿಸಿ ನಿಮಗೆ ಫೋನು ಮಾಡಿದೆ.

ಅಲ್ಲಿ ತೂತಿದೆ ಅಪ್ಪಾ. ತೂತಿದ್ದರೆ ಅದು ಗಡ್ಡದ ಮೇಷ್ಟ್ರ ಹಕ್ಕಿ. ಗುಬ್ಬಿ ಎಂಬ ಜಾತಿ ಇಲ್ಲ. ಸೆಪ್ಟೆಂಬರ್ ಕೊನೆಗೆ ಕ್ಯಾಟಲಾಗು ಅಚ್ಚಿಗೆ ಹೋಗುತ್ತದೆ, ಅಷ್ಟರಲ್ಲಿ ಆ ಪುಟವನ್ನು ನಾನು ತಿದ್ದಬೇಕು.

ಕಾಲು ಹೇಗಿದೆ? ಅತ್ತೆಗೆ ತೋರಿಸಿದಿರಾ?

ಇಂತಿ,
ಹೇಳದೆ ಇರಲಾಗದವಳು,
ಗುಬ್ಬಿ


ಜೂನ್ ೧೨

ಚಿ. ಗುಬ್ಬಿಗೆ,

ಕಾಗದ ಹರಿಯಲಿಲ್ಲ. ನಿನ್ನತ್ತೆ ತೆಗೆದಿಟ್ಟ ಅಂಟು ದಂಡವಾಯಿತು.

ಮೂಳೆಗೆ ಸೂಜಿ ಇಟ್ಟರೆ ಸೂಜಿ ಹೋಗುತ್ತದೆ. ಸೋಪಿಗೆ ಇಟ್ಟರೂ ಹೋಗುತ್ತದೆ. ಹಾಗೆಂದು ಸೋಪಿಗೆ ರಕ್ತನಾಳ ಇತ್ತು ಎಂದು ಯಾರೂ ಕ್ಯಾಟಲಾಗಿನಲ್ಲಿ ಬರೆಯುವುದಿಲ್ಲ. ಅಂಟು ಬಿಡಿಸುವ ದ್ರಾವಣ ಸುರಿದಿದ್ದೀಯ, ಹಳೆಯ ಮೂಳೆ ಮೆತ್ತಗಾಗಿದೆ, ಮೆತ್ತಗಾದ ಕಡೆ ಚುಚ್ಚಿದ್ದೀಯ. ನೀನು ತೂತು ಕಂಡುಹಿಡಿಯಲಿಲ್ಲ, ತೂತು ಕೊರೆದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕ್ಯಾಟಲಾಗಿನ ಕಣ್ಣಿಗೆ ಕಂಡದ್ದೆಲ್ಲ ತಪ್ಪು.

ಆ ಮೂಳೆಯನ್ನು ನಾನು ಎರಡು ವರ್ಷ ನೋಡಿದ್ದೇನೆ. ಬಿಸಿಲಿಗೆ ಹಿಡಿದು ನೋಡಿದ್ದೇನೆ, ನೀರಿನಲ್ಲಿಟ್ಟು ನೋಡಿದ್ದೇನೆ, ನಾಲಗೆ ತಾಗಿಸಿ ನೋಡಿದ್ದೇನೆ. ಮೂಳೆಯಾದರೆ ನಾಲಗೆಗೆ ಅಂಟುತ್ತದೆ, ಕಲ್ಲಾದರೆ ಅಂಟುವುದಿಲ್ಲ. ಅದನ್ನು ಕಂಡ ನಿನ್ನ ಅಮ್ಮ, "ಸತ್ತ ಹಕ್ಕಿ ನೆಕ್ಕಿದ ಬಾಯಿಗೆ ನನ್ನ ಕಾಫಿ ಇಲ್ಲ" ಎಂದು ಲೋಟ ಎತ್ತಿಕೊಂಡು ಹೋಗಿದ್ದಳು. ಅಷ್ಟು ತ್ಯಾಗ ಮಾಡಿ ಕಂಡ ಸತ್ಯ ಅದು.

ಗಡ್ಡದವನು ಬದುಕಿದ್ದಷ್ಟು ದಿನ ಒಂದು ಸಭೆಯಲ್ಲೂ ನನ್ನನ್ನು ಸೋಲಿಸಲಾಗಲಿಲ್ಲ. "ಒಂದು ಕಾಲಿನ ಮೇಲೆ ನಿಂತ ಜಾತಿ" ಎಂದು ಹಂಗಿಸುತ್ತಿದ್ದ. ನಾನು ಕೂತಲ್ಲಿಂದಲೇ, "ಒಂದು ಗಡ್ಡದ ಮೇಲೆ ನಿಂತ ಜ್ಞಾನಕ್ಕಿಂತ ವಾಸಿ" ಎನ್ನುತ್ತಿದ್ದೆ. ಈಗ ಸತ್ತವನ ಪರವಾಗಿ ವಕಾಲತ್ತು ವಹಿಸಲು ನನ್ನ ಮಗಳೇ ಬೇಕಾಯಿತೆ?

ಕಾಲು ಕಾಲಿನ ಜಾಗದಲ್ಲೇ ಇದೆ.

ಇಂತಿ,
ತೂತಿಲ್ಲದ ಪಾದದ ತಂದೆ

(ಗುಬ್ಬೀ, ಅಂಚೆಗೆ ಹಾಕು ಅಂತ ಕೊಟ್ಟ, ಕೆಳಗೆ ಜಾಗ ಇತ್ತು, ಬರೀತಿದೀನಿ. ಎಡಗಾಲಿಗೆ ಎರಡೆರಡು ಕಾಲುಚೀಲ ಏರಿಸ್ಕೊಂಡು ಓಡಾಡ್ತಾನೆ. ಬಲಗಾಲಿಗೆ ಒಂದೇ. ಕೇಳಿದ್ರೆ ಚಳಿ ಅಂತಾನೆ. ಚಳಿ ಏನು ಕಾಲು ನೋಡ್ಕೊಂಡು ಬರತ್ತಾ? ಅತ್ತೆ.)


ಜೂನ್ ೨೧

ಅಪ್ಪಾ,

ಬೇರೆ ಯಾರಾದರೂ "ತೂತು ನೀನೇ ಕೊರೆದೆ" ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಸೂಜಿ ಹಿಡಿಯಲು ಕಲಿಸಿದವರೇ ಅಂದರೆ ಏನು ಮಾಡಲಿ? "ಮೂಳೆ ಕಿರ್ ಅನ್ನುತ್ತೆ, ಮಣ್ಣು ಮುಗುಮ್ಮಾಗಿರುತ್ತೆ. ಕಿರ್ ಅಂದ್ರೆ ಕೈ ತೆಗಿ" ಎಂದು ನನ್ನ ಬೆರಳುಗಳ ಮೇಲೆ ನಿಮ್ಮ ಬೆರಳಿಟ್ಟು ಕಲಿಸಿದ್ದು ನಿಮಗೆ ಮರೆತಿರಬಹುದು, ಬೆರಳಿಗೆ ಮರೆತಿಲ್ಲ. ಆ ತೂತಿನೊಳಗೆ ಒಂದು ಸಲವೂ ಕಿರ್ ಅನ್ನಲಿಲ್ಲ. ದ್ರಾವಣ ಸುರಿಯಲೂ ಇಲ್ಲ. ಹತ್ತಿಯಲ್ಲಿ ಅದ್ದಿ ಒರೆಸಿದ್ದು.

ಇಲ್ಲಿ ಇನ್ನೊಂದು ಕಾಟ. ಮ್ಯೂಸಿಯಂನ ಅಂಗಡಿಯಲ್ಲಿ ಮಾರಲು ಡೈರೆಕ್ಟರು ಗೊಂಬೆ ಮಾಡಿಸಿದ್ದಾರೆ, "ಗುಬ್ಬಿ ಪೆಂಗ್ವಿನ್." ಹೊಟ್ಟೆ ಒತ್ತಿದರೆ ಚಿಲಿಪಿಲಿ ಎನ್ನುತ್ತದೆ. ಪೆಂಗ್ವಿನ್ ಚಿಲಿಪಿಲಿ ಅನ್ನುವುದಿಲ್ಲ ಎಂದರೆ, "ಹೆಸರು ಗುಬ್ಬಿ ಅಲ್ವಾ ಮೇಡಂ" ಅಂದರು. ಪಾದಕ್ಕೆ ಬಾತುಕೋಳಿಯ ಪಾದ ಹೊಲಿಸಿದ್ದಾರೆ. ನನ್ನ ಕೋಣೆಯ ಹೊರಗೆ ಪೆಟ್ಟಿಗೆಗಟ್ಟಲೆ ಪೇರಿಸಿಟ್ಟಿದ್ದಾರೆ. ಯಾರಾದರೂ ಎಡವಿದರೆ ಕಾರಿಡಾರೆಲ್ಲ ಚಿಲಿಪಿಲಿ.

ತೂತಿನ ವಿಷಯ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮಪ್ಪನ ಹಕ್ಕಿ, ನಿಮ್ಮದೇ ಹೆಸರು, ಗೊಂಬೆ ಬೇರೆ ಬಂದು ಕೂತಿದೆ. ಒಂದು ತೂತಿನ ವಿಷಯ ತಾನೇ? ನಲವತ್ತು ವರ್ಷದಿಂದ ಯಾರೂ ನೋಡಿರ್ಲಿಲ್ಲ. ಇನ್ನೊಂದು ನಲವತ್ತು ವರ್ಷ ಸುಮ್ನೆ ಇರಬಾರ್ದಾ?"

"ಸುಮ್ನೆ ಇರೋಕೆ ನಾನೇನು ಮೂಳೆನಾ ಸಾರ್?" ಅಂದೆ.

ಎದ್ದು ಬಂದ ಮೇಲೆ ಹೊಳೆಯಿತು. ಜನ್ಮದಲ್ಲಿ ಮೊದಲ ಸಲ ನೀವೂ ಡೈರೆಕ್ಟರೂ ಒಂದೇ ಪಕ್ಷ! ನಿಮಗೆ ಮುಜುಗರವಾಗುತ್ತಿಲ್ಲವೇ?

ನಾಳೆಯೇ ಪುಟ ತಿದ್ದಿ ಕೊಡಬಹುದು. ಕೊಟ್ಟಿಲ್ಲ. ನಿಮ್ಮ ಬಾಯಿಂದ ಹೌದು ಎಂದು ಬರುವ ತನಕ ಕೊಡುವುದಿಲ್ಲ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೇನೆ. ಇದು ಕೆಲಸದ ರೀತಿಯಲ್ಲ, ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು.

ಎರಡು ಕಾಲುಚೀಲ ಯಾಕೆ? ಸಕ್ಕರೆ ಕಾಯಿಲೆ ಇರುವವರು ಪಾದವನ್ನು ದಿನಾ ನೋಡಿಕೊಳ್ಳಬೇಕು ಎಂದು ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ನಿಮ್ಮ ಫ್ರಿಜ್ಜಿನ ಬಾಗಿಲ ಮೇಲೇ ಇದೆಯಲ್ಲ. ಹಕ್ಕಿಯ ಪಾದವನ್ನು ಎರಡು ವರ್ಷ ನೋಡಿದವರು ನಿಮ್ಮದನ್ನು ಎರಡು ನಿಮಿಷ ನೋಡಿಕೊಳ್ಳಬಾರದೇ?

ಇಂತಿ,
ನಿಮ್ಮ ಆರೋಪಿ


ಜುಲೈ ೨

ಗುಬ್ಬಿಗೆ,

ಮಾತು ಬೇಡ, ಮೂಳೆ ಕಳಿಸು.

ಸೂಜಿ ನೆಟ್ಟಗೆ ಹೋಗುತ್ತದೆ, ರಕ್ತನಾಳ ಬಾಗುತ್ತದೆ. ಗಡ್ಡದವನ ಹಕ್ಕಿಯಲ್ಲಿ ಹೊರಗಡೆಯ ತೂತು ನಡುದಾರಿಯಲ್ಲಿ ಒಳಮುಖವಾಗಿ ಬಾಗಿದೆ. ನಿನ್ನ ತೂತೂ ಹಾಗೇ ಬಾಗಿದ್ದರೆ ನಾನು ಸೋತೆ. ನೆಟ್ಟಗಿದ್ದರೆ ನೀನು ಸೂಜಿ ಕೆಳಗಿಡು. ಫೋಟೋ ಸಾಲದು, ಮೂಳೆಯೇ ಬೇಕು.

ಕಾಲುಚೀಲ ಕ್ಯಾಟಲಾಗಿಗೆ ಸಂಬಂಧಪಟ್ಟದ್ದಲ್ಲ.

ಅಪ್ಪ


ಜುಲೈ ೨೭

ಅಪ್ಪಾ,

ಮೂಳೆ ಕಳಿಸು ಎಂದು ಒಂದು ಸಾಲಿನಲ್ಲಿ ಬರೆದುಬಿಟ್ಟಿರಿ. ಇಲ್ಲಿ ಏನಾಯಿತು ಗೊತ್ತೇ?

ಜಾತಿಗೆ ಹೆಸರಿಡಲು ಆಧಾರವಾದ ಮೂಲ ಮೂಳೆ ಕಟ್ಟಡ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ ಎಂದು ನಿಯಮ. ಆ ನಿಯಮ ಬರೆದವರು ಯಾರು ಎಂದು ಹುಡುಕಿದರೆ ಕೆಳಗೆ, ನೀವು ಇಲ್ಲಿ ಕೆಲಸದಲ್ಲಿದ್ದ ಕಾಲದ, ನಿಮ್ಮದೇ ಸಹಿ! ಅದರಲ್ಲಿ ಒಂದು ಸಂದು ಬಿಟ್ಟಿದ್ದಿರಿ, ಹೆಸರಿಟ್ಟವರೇ ಕೇಳಿದರೆ ಎರವಲು ಕೊಡಬಹುದು ಎಂದು. ಡೈರೆಕ್ಟರ ಒಪ್ಪಿಗೆ ಬೇಕು. ಡೈರೆಕ್ಟರು ರಜೆ. ಬಂದ ಮೇಲೆ ವಿಮೆ ಬೇಕು ಅಂದರು. ವಿಮೆಯವನು ವಸ್ತುವಿನ ಬೆಲೆ ಎಷ್ಟು ಅಂದ. ಬೆಲೆ ಕಟ್ಟಲಾಗದ್ದು ಅಂದೆ. ಹಾಗಾದರೆ ಸೊನ್ನೆ ಅಂತ ಹಾಕುತ್ತೇನೆ ಅಂದ. ಮೂರು ವಾರ ಹೀಗೇ ಹೋಯಿತು. ನಾನು ಒಬ್ಬಳೇ ಕೋಣೆಯಲ್ಲಿ ಕೂತು ಒಂದು ಗೊಂಬೆಯ ಹೊಟ್ಟೆಯನ್ನು ಸಮಾಧಾನವಾಗುವವರೆಗೆ ಒತ್ತಿದೆ. ಸಮಾಧಾನವಾಗಲಿಲ್ಲ.

ನಮ್ಮ ವ್ಯಾನಿನ ಡ್ರೈವರು ಮುಂದಿನ ವಾರ ನಿಮ್ಮೂರಿನ ಶಾಲೆಗೆ ಗಾಜಿನ ಪೆಟ್ಟಿಗೆ ಇಳಿಸಲು ಬರುತ್ತಾರೆ. ಅವರ ಕೈಯಲ್ಲೇ ಕಳಿಸುತ್ತೇನೆ. "ಮಡಿಲ ಮೇಲೆ ಇಟ್ಕೊಂಡು ಹೋಗ್ತೀನಿ ಬಿಡಿ" ಅಂದರು. "ಗಾಡಿ ಓಡಿಸೋರು ಯಾರು?" ಅಂದೆ. "ಅದೂ ಹೌದು" ಅಂದರು.

ಎರಡು ಷರತ್ತು. ತೂತಿನ ಉಳಿದರ್ಧ ಮಣ್ಣನ್ನು ಮುಟ್ಟಕೂಡದು, ಅದೇ ನನ್ನ ಸಾಕ್ಷಿ. ಇನ್ನೊಂದು, ಕಾಲನ್ನು ಡಾಕ್ಟರಮ್ಮನಿಗೆ ತೋರಿಸಬೇಕು. ಮೊದಲನೆಯದನ್ನು ನೀವು ಖಂಡಿತ ಪಾಲಿಸುತ್ತೀರಿ. ಅದೇ ನನ್ನ ತಲೆನೋವು.

ಗುಬ್ಬಿ


ಆಗಸ್ಟ್ ೧೧

ಗುಬ್ಬೀ,

ನಾನು ಅತ್ತೆ. ಪೂರ್ತಿ ಕಾಗದ ಬರೆದು ಎಷ್ಟು ವರ್ಷ ಆಯ್ತೋ, ತಪ್ಪಿದ್ರೆ ನೀನೇ ತಿದ್ಕೊ, ನಿಂಗೆ ತಿದ್ದೋದು ಅಂದ್ರೆ ಇಷ್ಟ ಅಂತ ನಿಮ್ಮಪ್ಪ ಹೇಳ್ತಾನೇ ಇರ್ತಾನೆ.

ಡ್ರೈವರು ಬಂದ, ಪೆಟ್ಟಿಗೆ ಕೊಟ್ಟ. ಸೊಸೆ ಮನೆಗೆ ಬಂದ ಹಾಗೆ ನಿಮ್ಮಪ್ಪ ಬಾಗಿಲವರೆಗೂ ಓಡಿ ಬಂದ. ಓಡಿ ಅಂದ್ರೆ, ಕುಂಟಿಕೊಂಡು. "ಯಾಕೋ ಕುಂಟ್ತೀಯಾ?" ಅಂದೆ. "ಚಪ್ಪಲಿ ಸರಿಯಿಲ್ಲ" ಅಂದ. "ಚಪ್ಪಲಿನೇ ಹಾಕಿಲ್ವಲ್ಲೋ" ಅಂದೆ. "ಅದಕ್ಕೇ ಸರಿಯಿಲ್ಲ" ಅಂದ. ಇವನ ಹತ್ರ ಮಾತಾಡೋದೂ ಒಂದೇ, ಗೋಡೆಗೆ ಹಣೆ ಚಚ್ಚೋದೂ ಒಂದೇ. ಗೋಡೆ ಆದ್ರೆ ಎದುರು ಮಾತಾಡಲ್ಲ.

ಊಟದ ಮೇಜಿನ ಮೇಲೆ ಟವೆಲ್ ಹಾಸಿ ಆ ಕಲ್ಲು ಮಲಗಿಸಿದಾನೆ. ನಾನು ಅಡುಗೆಮನೆ ಕಟ್ಟೆ ಮೇಲೆ ತಟ್ಟೆ ಇಟ್ಕೊಂಡು ನಿಂತೇ ತಿಂ‌ತಿದೀನಿ. ಭೂತಗನ್ನಡಿ ಹಿಡೀತಾನೆ, ನೋಡ್ತಾನೆ, ಇಡ್ತಾನೆ, ಬೈತಾನೆ. ಯಾರಿಗೆ ಅಂತ ಗೊತ್ತಾಗಲ್ಲ. ನಿಂಗೋ, ಆ ಗಡ್ಡದವನಿಗೋ, ಕಲ್ಲಿಗೋ. ಕನ್ನಡಿಯಲ್ಲಿ ಒಳಗಡೆ ಕಾಣಲ್ವಂತೆ, ಸ್ಕ್ಯಾನ್ ಆಗ್ಬೇಕಂತೆ. ಆಸ್ಪತ್ರೆಗೆ ಫೋನ್ ಮಾಡಿದ್ದ. ಮನುಷ್ಯರಿಗೆ ಮಾತ್ರ, ಅದೂ ಡಾಕ್ಟರ್ ಚೀಟಿ ಇದ್ರೆ ಮಾತ್ರ ಅಂದ್ರಂತೆ. "ಮನುಷ್ಯರ ಒಳಗೆ ನೋಡೋಕೇನಿದೆ" ಅಂತ ಬೈದು ಫೋನ್ ಇಟ್ಟ.

ಬರೆಯೋಕೆ ಕೂತಿದ್ದು ಇದಕ್ಕೆ. ಮೊನ್ನೆ ಒಗೆಯೋಕೆ ಅಂತ ಅವನ ಕಾಲುಚೀಲ ಎತ್ಕೊಂಡೆ. ಎರಡೂ ಒಂದಕ್ಕೊಂದು ಅಂಟಿತ್ತು. ಬಿಡಿಸಿದ್ರೆ ಒಳಗೆ ಕಂದು ಕಲೆ, ಕೆಟ್ಟ ವಾಸನೆ. "ಏನೋ ಇದು?" "ಮುಲಾಮು." ಮುಲಾಮು ಯಾವುದು, ಕೀವು ಯಾವುದು ಅಂತ ತಿಳೀದಷ್ಟು ಮುದುಕಿ ಆಗಿಲ್ಲ ನಾನು. ತೋರ್ಸು ಅಂದ್ರೆ ಕಾಲು ಕುರ್ಚಿ ಕೆಳಗೆ ಎಳ್ಕೋತಾನೆ, ಸಣ್ಣವನಿದ್ದಾಗ ಪುಸ್ತಕ ಬಚ್ಚಿಡ್ತಿದ್ದ ಹಾಗೆ. "ನೋವಿಲ್ಲ ಅಕ್ಕಾ, ಗಾಯ ಇದ್ರೆ ನೋವಿರ್ತಿತ್ತು. ನೋವಿಲ್ಲ, ಅಂದ್ಮೇಲೆ ಗಾಯ ಇಲ್ಲ" ಅಂತ ನನಗೇ ಪಾಠ ಮಾಡ್ತಾನೆ.

ಅವನಿಗೆ ನೋವಿಲ್ಲ ಅನ್ನೋದೇ ನಂಗೆ ಭಯ ಕಣೇ.

ಅತ್ತೆ


ಆಗಸ್ಟ್ ೧೭

ಅಪ್ಪಾ,

ಅತ್ತೆಯ ಕಾಗದ ಬಂತು.

ನೀವೇ ಗೆದ್ದಿರಿ. ತೂತು ನಾನೇ ಕೊರೆದೆ ಎಂದಿಟ್ಟುಕೊಳ್ಳಿ. ಹಕ್ಕಿ ನಿಮ್ಮದೇ, ಹೆಸರೂ ಇರಲಿ. ಪುಟ ಹಳೆಯ ಹಾಗೇ ಅಚ್ಚಾಗಲಿ ಎಂದು ಡೈರೆಕ್ಟರಿಗೆ ಹೇಳಿಬಿಡುತ್ತೇನೆ, ಗೊಂಬೆಗಳೂ ಮಾರಾಟವಾಗಲಿ.

ಅದಕ್ಕೆ ಬದಲಾಗಿ ನಾಳೆಯೇ ಡಾಕ್ಟರಮ್ಮನ ಹತ್ತಿರ ಹೋಗಿ. ಬೇರೇನೂ ಕೇಳುವುದಿಲ್ಲ.

ಗುಬ್ಬಿ


ಆಗಸ್ಟ್ ೨೮

ಗುಬ್ಬಿಗೆ,

ನಿನ್ನ ಈ ಕಾಗದ ಓದಿ ಬಂದಷ್ಟು ಸಿಟ್ಟು ಗಡ್ಡದವನ ಮೇಲೂ ಎಂದೂ ಬಂದಿರಲಿಲ್ಲ.

ತೂತಿದೆ ಎಂದು ನಿನ್ನ ಬೆರಳಿಗೆ ಗೊತ್ತಿದ್ದೂ ಇಲ್ಲವೆಂದು ಅಚ್ಚು ಹಾಕಿಸುತ್ತೀಯಾ? ಅಪ್ಪನ ಕಾಲಿಗಾಗಿ ಹಕ್ಕಿಯ ಕಾಲನ್ನು ಸುಳ್ಳು ಮಾಡುತ್ತೀಯಾ? ನನಗೆ ಬುದ್ಧಿಯಿಲ್ಲ ಅನ್ನು, ಬೈ, ಜಗಳವಾಡು, ಮತ್ತೆ ಫೋನು ಮಾಡು, ಮತ್ತೆ ಇಡುತ್ತೇನೆ. ಆದರೆ ಹಕ್ಕಿಯನ್ನು ನನಗೆ ದಾನ ಕೊಡಬೇಡ. ನನ್ನ ಹಕ್ಕಿ ನಿಲ್ಲುವುದಾದರೆ ತನ್ನ ಕಾಲ ಮೇಲೆ ನಿಲ್ಲಲಿ, ಬೀಳುವುದಾದರೆ ತನ್ನ ಕಾಲು ಜಾರಿ ಬೀಳಲಿ. ನಿನ್ನ ಸೆರಗು ಹಿಡಿದುಕೊಂಡು ನಿಲ್ಲುವುದು ಬೇಡ.

ಆ ಸಿಟ್ಟಿನಲ್ಲೇ ಆಸ್ಪತ್ರೆಗೆ ಹೋದೆ. ಕಾಲು ತೋರಿಸಲಿಕ್ಕಲ್ಲ, ಸ್ಕ್ಯಾನಿಗೆ ಚೀಟಿ ಸಂಪಾದಿಸಲಿಕ್ಕೆ. ಪಾದದ ಸ್ಕ್ಯಾನು ಬರೆಸಿಕೊಂಡರೆ ಸಾಕು, ಯಾವ ಪಾದ ಎಂದು ಯಂತ್ರಕ್ಕೇನು ಗೊತ್ತಾಗುತ್ತದೆ ಎಂದು ನನ್ನ ಲೆಕ್ಕ.

ಡಾಕ್ಟರಮ್ಮ ಕಾಲುಚೀಲ ಬಿಚ್ಚಿದರು. ಒಳಗೆ ಇನ್ನೊಂದು ಕಂಡು ನನ್ನ ಮುಖ ನೋಡಿದರು. ಅದನ್ನೂ ಬಿಚ್ಚಿದ ಮೇಲೆ ಮುಖ ನೋಡಲಿಲ್ಲ.

"ಯಾವಾಗಿಂದ?"

"ಗೊತ್ತಿಲ್ಲ. ನೋವಿಲ್ಲ."

"ನೋವಿಲ್ಲ ಅಂದ್ರೆ ಗಾಯ ಇಲ್ಲ ಅಂತಲ್ಲ ಯಜಮಾನ್ರೇ, ನೋವು ಹೇಳೋ ನರ ಸತ್ತಿದೆ ಅಂತ. ಮೂಳೆವರೆಗೂ ಇಳಿದಿದ್ಯಾ ನೋಡ್ಬೇಕು. ಈಗ್ಲೇ ಸ್ಕ್ಯಾನ್, ಇವತ್ತೇ ಅಡ್ಮಿಟ್."

"ಸ್ಕ್ಯಾನಿಗೆ ನನ್ನ ಅಭ್ಯಂತರ ಇಲ್ಲ. ಆದ್ರೆ ಪಾದ ಎರಡಿದೆ."

"ಆಯ್ತು, ಎರಡಕ್ಕೂ ಮಾಡಿಸ್ತೀನಿ."

"ಎರಡನೇದು ಈ ಚೀಲದಲ್ಲಿದೆ."

ನಿನ್ನತ್ತೆ ತಲೆ ಮೇಲೆ ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಖಡಾಖಂಡಿತವಾಗಿ ಹೇಳಿದೆ, ಎರಡೂ ಪಾದಕ್ಕೆ ಮಾಡಿದರೆ ಅಡ್ಮಿಟ್ ಆಗುತ್ತೇನೆ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಎದ್ದು ಹೋಗುತ್ತೇನೆ. ಡಾಕ್ಟರಮ್ಮ ಒಂದು ಗಳಿಗೆ ನನ್ನ ಕಾಲನ್ನು ನೋಡಿದರು, ಬಾಗಿಲನ್ನು ನೋಡಿದರು. ಈ ಕಾಲಲ್ಲಿ ಆ ಬಾಗಿಲು ದಾಟಬಾರದು ಅನ್ನಿಸಿರಬೇಕು. ಚೀಟಿಯಲ್ಲಿ "ಪಾದ, ೨" ಎಂದು ಬರೆದರು.

ಸ್ಕ್ಯಾನಿನ ಕೋಣೆಯಲ್ಲಿ ಕೂತಿದ್ದ ಹೆಂಗಸು ಮೂಳೆಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಇದ್ಯಾರದ್ದು ತಾತ?"

"ಮಗಳದು."

ಆಕೆ ಹೌಹಾರಿದಳು. "ಅಯ್ಯೋ ದೇವ್ರೇ. ವಯಸ್ಸೆಷ್ಟು?"

"ಮೂರೂವರೆ ಕೋಟಿ."

"ಯಂತ್ರದಲ್ಲಿ ಮೂರು ಅಂಕಿಗೇ ಜಾಗ ಇರೋದು. ಮೂವತ್ತೈದು ಅಂತ ಹಾಕಿರ್ತೀನಿ, ಉಳಿದಿದ್ದು ನೀವೇ ಸೇರಿಸ್ಕೊಳ್ಳಿ."

ಹೀಗೆ ನಿನಗೆ ಹತ್ತು ವರ್ಷ ಕಡಿಮೆಯಾಯಿತು. ಅದಕ್ಕಾದರೂ ಅಪ್ಪನಿಗೆ ಋಣಿಯಾಗಿರು.

ಚಿತ್ರಗಳನ್ನು ನಾಳೆ ಕೊಡುತ್ತಾರಂತೆ. ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಕ್ಕ, "ನಾನು ಹೇಳಿರ್ಲಿಲ್ವಾ" ಎಂಬ ಮಾತನ್ನು ಹೇಳದೆ ನುಂಗಿಕೊಳ್ಳಲು ತುಂಬ ಕಷ್ಟಪಡುತ್ತಿದ್ದಾಳೆ.

ನೀನು ಬರುವುದೇನೂ ಬೇಡ. ರಜೆ ಹಾಳು.

ಇಂತಿ,
ಎರಡು ಪಾದದ ರೋಗಿ

(ಬಾ. ಅತ್ತೆ.)


ಸೆಪ್ಟೆಂಬರ್ ೧೮

ಗುಬ್ಬಿಗೆ,

ನೀನು ಬಂದು ಹೋದೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬಿಸಿಲು, ಸೆಕೆ, ಆಸ್ಪತ್ರೆಯ ಬ್ರೆಡ್ಡು, ಪಕ್ಕದ ಹಾಸಿಗೆಯವನ ಗೊರಕೆ, ಎಲ್ಲ ಮಾತಾಡಿದೆವು. ಮೂಳೆಯ ಮಾತು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಿತ್ರಗಳ ಲಕೋಟೆ ನನ್ನ ದಿಂಬಿನ ಕೆಳಗಿತ್ತು. ದಿಂಬು ಸರಿ ಮಾಡುವಾಗ ನಿನ್ನ ಕೈಗೆ ತಾಗಿತು, ನೀನು ನನ್ನ ಮುಖ ನೋಡದೆ ದಿಂಬನ್ನು ಮತ್ತೆ ಅದರ ಮೇಲೇ ಇಟ್ಟೆ. ನಾನು ನಿದ್ದೆ ಬಂದವನ ಹಾಗೆ ಬಿದ್ದುಕೊಂಡಿದ್ದೆ. ಎದುರೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ಕಾಗದದ ಗುಣವೇ ಅದಲ್ಲವೇ, ಹೇಳುವವನ ಮುಖ ಕಾಣುವುದಿಲ್ಲ.

ಎರಡೂ ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಒಟ್ಟಿಗೆ ಹಿಡಿದು ನೋಡಿದ್ದೇನೆ.

ಮೊದಲು ಹಕ್ಕಿಯದು. ಹೊರಗಡೆಯ ಗೀರಿನ ತಲೆಯಲ್ಲಿ ದಾರಿ ಶುರುವಾಗುತ್ತದೆ. ನಿನ್ನ ಸೂಜಿ ಹೋದಷ್ಟು ದೂರ ಕಪ್ಪು. ನೀನು ನಿಲ್ಲಿಸಿದ ಕಡೆಯಿಂದ ಬೂದು. ಅದು ಮಣ್ಣು, ಮತ್ತು ನನ್ನ ಅಂಟು. ಮೂಳೆ ಪುಡಿಯಾಗದಿರಲಿ ಎಂದು ಆಗೆಲ್ಲ ತೆಳು ಅಂಟಿನಲ್ಲಿ ಅದ್ದಿ ತೆಗೆಯುತ್ತಿದ್ದೆವು. ಇದು ನನ್ನ ಮುದ್ದಿನ ಮೂಳೆ, ಹಾಗಾಗಿ ಎರಡು ಸಲ ಅದ್ದಿದ್ದೆ. ಆ ಬೂದು ದಾರಿ ನಡುವಿನಲ್ಲಿ ಒಳಮುಖವಾಗಿ, ನೀರು ಕಲ್ಲನ್ನು ಬಳಸಿಕೊಂಡು ಹೋದ ಹಾಗೆ, ಬಾಗಿ ಹಿಂಬದಿಗೆ ಬರುತ್ತದೆ. ಯಾವ ಸೂಜಿಯೂ ಹಾಗೆ ಬಾಗಲಾರದು. ಗೋಡೆ ನುಣುಪು. ನೀನು ಗೀರು ಕೂಡ ಎಳೆದಿಲ್ಲ. ಕೈ ಚೆನ್ನಾಗಿದೆ.

ಇನ್ನೊಂದು ನನ್ನದು. ಅದೂ ಎಡಪಾದ, ಅದೂ ಹೊರಗಡೆಯೇ, ಕಿರುಬೆರಳಿನ ಬುಡದಲ್ಲಿ. ಅದು ಬಾಗಿಲ್ಲ, ನೆಟ್ಟಗೆ ಮೂಳೆಗೇ ಇಳಿದಿದೆ.

ಎರಡರಲ್ಲೂ, ನಾನು ಇಲ್ಲ ಎಂದ ಕಡೆಯೇ ತೂತು.

ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ತೋರಿಸಲಿ ಎಂದು ಸುತ್ತಮುತ್ತ ನೋಡುತ್ತಿದ್ದೇನೆ. ಗಡ್ಡದವನು ಸತ್ತಿದ್ದಾನೆ, ನೀನು ಸರಿಯಾಗಿದ್ದೀಯ, ಅಕ್ಕ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದಾಳೆ. ಯಾರೂ ಸಿಗುತ್ತಿಲ್ಲ.

ಕಿರುಬೆರಳೂ ಅದರ ಪಕ್ಕದ್ದೂ ಹೋದವು, ನೀನೇ ನೋಡಿದ್ದೀಯ. ಮೂರು ಉಳಿದಿವೆ. ಪೆಂಗ್ವಿನ್ನಿಗೂ ಊರಿ ನಿಲ್ಲಲು ಮೂರೇ ಬೆರಳು. "ಇಷ್ಟು ವರ್ಷ ಓದಿದ್ದು ಕೊನೆಗೂ ಮೈಗೆ ಹತ್ತಿತು" ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ಹಣೆ ಮುಟ್ಟಿ ಜ್ವರ ನೋಡಿದರು. ನಿನ್ನೆ ವಾರ್ಡಿನ ಕೊನೆಯವರೆಗೆ ನಡೆಸಿದರು. ಅತ್ತಿಂದಿತ್ತ ವಾಲಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು ಹೋದೆ. ನಗಬೇಡ. ಅಕ್ಕ ಆಗಲೇ ನಕ್ಕಿದ್ದಾಳೆ.

ಇನ್ನು ಕೆಲಸದ ಮಾತು. ಪುಟ ತಿದ್ದು. ಮೇಲೆ ಗಡ್ಡದವನ ಹಕ್ಕಿಯ ಹೆಸರು ಬರೆ, ಅವನದೇ ಮೊದಲಿನದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ರದ್ದಾದ ಹೆಸರು ಎಂದು ಗುಬ್ಬಿಯನ್ನು ಸೇರಿಸು. ಸೇರಿಸಲೇಬೇಕು, ಅದು ನಿಯಮ. ರದ್ದಾದ ಹೆಸರನ್ನು ಯಾರೂ ಅಳಿಸುವ ಹಾಗಿಲ್ಲ. ಇನ್ನು ಮುಂದೆ ಯಾರು ಆ ಹಕ್ಕಿಯ ವಿಷಯ ಬರೆದರೂ ಅವನ ಹೆಸರಿನಡಿಯಲ್ಲಿ ನಿನ್ನ ಹೆಸರನ್ನೂ ಬರೆಯಬೇಕು. ಅವನ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿದ ಹಾಗೆ. ಬದುಕಿದ್ದಿದ್ದರೆ ಉರಿದುಕೊಳ್ಳುತ್ತಿದ್ದ.

ಡ್ರೈವರು ಬಂದರೆ ಮೂಳೆ ಕೊಟ್ಟು ಕಳಿಸುತ್ತೇನೆ. ಉಳಿದರ್ಧ ಮಣ್ಣನ್ನು ನಾನು ಮುಟ್ಟಿಲ್ಲ. ಕೈ ತುರಿಸಿತು, ಮುಟ್ಟಲಿಲ್ಲ. ನೀನೇ ತೆಗೆ. ಬಾಗುವ ಕಡೆ ನೆಟ್ಟನೆಯ ಸೂಜಿ ಬಿಟ್ಟು ಕೊಕ್ಕೆಯದು ತಗೋ, ಅವಸರ ಮಾಡಬೇಡ. ಕಿರ್ ಅಂದರೆ ಕೈ ತೆಗಿ.

ಬರುವಾಗ ಡ್ರೈವರ ಕೈಯಲ್ಲಿ ಒಂದು ಗೊಂಬೆ ಕಳಿಸು. ಪಾದ ಬಿಚ್ಚಿ ಸರಿಯಾಗಿ ಹೊಲಿಯಲು ಅಕ್ಕನಿಗೆ ಹೇಳಿದ್ದೇನೆ.

ಪದ್ಯವನ್ನೂ ತಿದ್ದಿದ್ದೇನೆ, ಬರೆದುಕೋ:

ಮೂಳೆ ಮೂರು, ಗೀರು ಎರಡು, ತೂತೂ ಕೂಡ ಎರಡು,
ಹೇಳು ಗುಬ್ಬಿ ಎಲ್ಲರಿಗೂ, ಅಪ್ಪ ಕೊಂಚ ಕುರುಡು.

ಇಂತಿ,
ಮೂರು ಬೆರಳಿನ ಮೇಲೆ ನಿಂತವನು